ಸಕ್ಕರೆ ಗುರುತಿಸುವ ಕಡ್ಲೆಬೀಜ

ಪಟ್ಟನಾಯಕನಹಳ್ಳಿ ಸುತ್ತಿನ ಕೆಂಪು ಹೊಲಗಳಲ್ಲಿ ಮಳೆ ನಂಬಿ ಬಿತ್ತುವ ಕಡ್ಲೆಕಾಯಿಯ ಎಣ್ಣೆಗೂ ಗಿರಾಕಿ ಉಂಟು, ಹಿಂಡಿಗೂ ಉಂಟು. ಜೀವವಿಜ್ಞಾನದ ಲ್ಯಾಬುಗಳೂ ಈ ಬೀಜಕ್ಕೆ ಗಿರಾಕಿ ಎಂಬುದು ಶಿರಾ, ಪಾವಗಡದ ಮಂಡಿಗಳಿಗೆ ಗೊತ್ತಿರಲಾರದು.

ನಮ್ಮ ಮೈಯ ಬಹಳಷ್ಟು ಪ್ರೋಟೀನುಗಳಿಗೆ ಸಕ್ಕರೆಯ ಸರಗಳು ಅಂಟಿರುತ್ತವೆ. ಈ ಅಂಟಿಕೆಯೇ ಗ್ಲೈಕೋಸೈಲೇಷನ್. ಯಾವ ಅಂಗದಲ್ಲಿ ಯಾವ ಸರ ಎಂದು ಜೀನು ನೇರವಾಗಿ ಹೇಳುವುದಿಲ್ಲ. ಸಕ್ಕರೆಯನ್ನೇ ತಡವಿ ಗುರುತಿಸುವ ಏನಾದರೊಂದು ಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ನೇಥನ್ ಶೆರಾನ್ ತಂಡ 1975ರಲ್ಲಿ ಅಂಥದ್ದನ್ನು ಕಡ್ಲೆಬೀಜದಿಂದ ಶುದ್ಧಗೊಳಿಸಿತು. ಅದೊಂದು ಲೆಕ್ಟಿನ್, ಅಂದರೆ ಸಕ್ಕರೆ ಹಿಡಿಯುವ ಪ್ರೋಟೀನು. ಅದು ಹಿಡಿಯುವುದು ಟಿ-ಆಂಟಿಜೆನ್ ಎಂಬ ಎರಡು ಸಕ್ಕರೆಗಳ ಜೋಡಿಯನ್ನು. ಆರೋಗ್ಯವಂತ ಕೋಶದಲ್ಲಿ ಈ ಜೋಡಿ ಸಾಮಾನ್ಯವಾಗಿ ಸಯಾಲಿಕ್ ಆಮ್ಲದ ಮುಸುಕಿನಲ್ಲಿರುತ್ತದೆ, ಹಲವು ಕ್ಯಾನ್ಸರುಗಳಲ್ಲಿ ಬಯಲಾಗುತ್ತದೆ. ಮರುವರ್ಷವೇ ಅವರು ಇಲಿಯ ಥೈಮಸ್ ಗ್ರಂಥಿಯ ಕೋಶಗಳನ್ನು ಇದರಿಂದ ಬೇರ್ಪಡಿಸಿದರು: ಎಳೆಯವು ಸಿಕ್ಕಿಬಿದ್ದವು, ಬಲಿತವು ಜಾರಿಕೊಂಡವು.

ಬೀಜಕ್ಕೆ ಈ ಗುರುತು ಸಿಗುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವಧೇಶ ಸುರೋಲಿಯಾ ಮತ್ತು ಎಂ. ವಿಜಯನ್ ಇದರ ಬೆನ್ನು ಹತ್ತಿದರು. ವಿಜಯನ್ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ ಜೊತೆ ಇನ್ಸುಲಿನ್ ಮೇಲೆ ದುಡಿದು ಬಂದವರು. ಲೆಕ್ಟಿನ್ನಿನ ಹರಳು ಬೆಳೆದ ಸುದ್ದಿ 1982ರಲ್ಲಿ ಪ್ರಕಟವಾಯಿತು. ರಚನೆ ಕೈಗೆ ಸಿಕ್ಕು ಅಚ್ಚಾದದ್ದು 1994ರಲ್ಲಿ! ಹರಳಿಗೆ ಎಕ್ಸ್‌ರೇ ಹಾಯಿಸಿದರೆ ಸಿಗುವುದು ಬರೀ ಚುಕ್ಕೆಗಳು, ಅವುಗಳಿಂದ ಅಣುವಿನ ಆಕಾರಕ್ಕೆ ಹೋಗಲು ಬೇಕಾದ ಅರ್ಧ ಮಾಹಿತಿ ಅಲ್ಲೇ ಕಳೆದುಹೋಗಿರುತ್ತದೆ. ಕೊನೆಗೆ ಕಂಡದ್ದೂ ವಿಚಿತ್ರವೇ. ಒಂದೇ ಬಗೆಯ ನಾಲ್ಕು ತುಂಡುಗಳು ಸೇರಿದರೆ ಅಚ್ಚುಕಟ್ಟಾದ ಸಮ್ಮಿತಿ ಇರಬೇಕೆಂಬುದು ಎಲ್ಲರ ಎಣಿಕೆ. ಕಡ್ಲೆಬೀಜದ ನಾಲ್ಕು ತುಂಡುಗಳು ಆ ಲೆಕ್ಕಕ್ಕೆ ಸಿಗದೆ ಒಡ್ಡೊಡ್ಡಾಗಿ ಜೋಡಿಸಿಕೊಂಡಿದ್ದವು.

ನನಗೆ ಹೆಚ್ಚು ಹಿಡಿಸುವುದು 1997ರಲ್ಲಿ ಬೆಂಗಳೂರಿನದೇ ಪತ್ರಿಕೆ 'ಕರೆಂಟ್ ಸೈನ್ಸ್'ನಲ್ಲಿ ಬಂದ ಮುಂದಿನ ಭಾಗ. ಈ ಲೆಕ್ಟಿನ್ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನೂ ಹಿಡಿಯುತ್ತದೆ, ಆದರೆ ಟಿ-ಆಂಟಿಜೆನ್ ಮೇಲೆ ಅದಕ್ಕೆ ಒಲವು ಹೆಚ್ಚು. ಆ ಒಲವಿಗೆ ಪ್ರೋಟೀನಿನ ನೇರ ಹಿಡಿತ ಕಾರಣವಲ್ಲ; ಪ್ರೋಟೀನು ಮತ್ತು ಸಕ್ಕರೆಯ ನಡುವೆ ನಿಂತ ನೀರಿನ ಅಣುಗಳು ಸೇತುವೆ ಕಟ್ಟಿದ್ದವು.

2014ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಮನುಷ್ಯನ 30 ಬಗೆಯ ಅಂಗಾಂಶ, ಕೋಶಗಳಲ್ಲಿ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿ ಕರಡು ನಕ್ಷೆ ಬರೆದರು. ಇಂಥ ನಕ್ಷೆಗೆ ಸಕ್ಕರೆಯ ವಿವರ ತುಂಬಬೇಕಾದಾಗ, ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುವ ಮುನ್ನ ಸಕ್ಕರೆ ಹೊತ್ತ ತುಣುಕುಗಳನ್ನು ಆರಿಸಿಕೊಡಲು ಲೆಕ್ಟಿನ್ನುಗಳನ್ನು ಬಳಸುವುದುಂಟು. ಹಲಸಿನ ಬೀಜದ ಲೆಕ್ಟಿನ್ ಕೂಡ ಆ ಸಾಲಿನದು. ಅದರ ರಚನೆಯನ್ನು 1996ರಲ್ಲಿ ಬಿಡಿಸಿದ್ದೂ ವಿಜಯನ್, ಸುರೋಲಿಯಾ ಬಳಗವೇ.