ಗರ್ಭಿಣಿಯರ ರಕ್ತಹೀನತೆ ಮತ್ತು ಪಾಲಿಮರ್ ಹೊದಿಕೆಯ ಕಬ್ಬಿಣದ ಚುಚ್ಚುಮದ್ದು

ಸಂಡೂರಿನ ಬೆಟ್ಟಗಳ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳವಾಗಿದ್ದರೂ ಅದನ್ನು ತಿನ್ನುವುದರಿಂದ ರಕ್ತ ವೃದ್ಧಿಯಾಗುವುದಿಲ್ಲ. ಗರ್ಭಿಣಿಯರಲ್ಲಿ ಕಂಡುಬರುವ ಮಣ್ಣು ತಿನ್ನುವ ಬಯಕೆಯನ್ನು ಸಾಮಾನ್ಯ ಬಸಿರು ಬಯಕೆಯೆಂದು ಕಡೆಗಣಿಸಬಾರದು. ಅದು ಹಲವು ವೇಳೆ ಕಬ್ಬಿಣಾಂಶದ ಕೊರತೆಯ ಲಕ್ಷಣವಾಗಿರುತ್ತದೆ.

ಗರ್ಭಿಣಿಯ ಹಿಮೋಗ್ಲೋಬಿನ್ ಪ್ರಮಾಣವು 100 ಮಿ.ಲೀ. ರಕ್ತದಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ರಕ್ತಹೀನತೆಯೆಂದು ಪರಿಗಣಿಸಲಾಗುತ್ತದೆ. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯೇ. ಮಾತ್ರೆಯಿಂದ ಗುಣ ಕಾಣದಿದ್ದಲ್ಲಿ, ಕೊರತೆಯು ತಡವಾಗಿ ಪತ್ತೆಯಾದಲ್ಲಿ ಅಥವಾ ಪ್ರಮಾಣವು 7 ಗ್ರಾಂಗಿಂತ ಕೆಳಗಿಳಿದಲ್ಲಿ, ವೈದ್ಯರು ರಕ್ತನಾಳದ ಮೂಲಕ ಕಬ್ಬಿಣಾಂಶ ನೀಡಲು ಸೂಚಿಸಬಹುದು. ಮೊದಲ ಮೂರು ತಿಂಗಳಲ್ಲಿ ಇದನ್ನು ನೀಡಲಾಗುವುದಿಲ್ಲ.

ಕಬ್ಬಿಣದ ಲವಣವನ್ನು ನೇರವಾಗಿ ರಕ್ತಕ್ಕೆ ಸೇರಿಸಿದಲ್ಲಿ ಬಿಡಿ ಕಬ್ಬಿಣವು ರಕ್ತನಾಳಗಳಿಗೂ ಅಂಗಾಂಗಗಳಿಗೂ ಹಾನಿ ಮಾಡುತ್ತದೆ. ಆದ್ದರಿಂದ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಔಷಧದಲ್ಲಿ, ಕೆಲವೇ ನ್ಯಾನೋಮೀಟರ್ ಗಾತ್ರದ ಕಬ್ಬಿಣದ ಹೈಡ್ರಾಕ್ಸೈಡ್ ಕಣಗಳಿಗೆ ಪಿಷ್ಟದಿಂದ ತಯಾರಿಸಿದ ಪಾಲಿಮರ್ ಹೊದಿಕೆ ನೀಡಲಾಗಿರುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಈ ಹೊದಿಕೆಯು ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ತಡೆಯುತ್ತದೆ. ಕಬ್ಬಿಣವು ಒಮ್ಮೆಲೇ ಬಿಡುಗಡೆಯಾಗದಂತೆಯೂ ಹಿಡಿದಿಡುತ್ತದೆ. ಯಕೃತ್ತು, ಗುಲ್ಮ ಮುಂತಾದ ಅಂಗಗಳ ಜೀವಕೋಶಗಳು ಕಣವನ್ನು ಇಡಿಯಾಗಿ ಒಳಗೆಳೆದುಕೊಂಡು, ಹೊದಿಕೆಯನ್ನು ಕರಗಿಸಿ, ಕಬ್ಬಿಣವನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತವೆ. ಅಲ್ಲಿಂದ ಅದು ಅಸ್ಥಿಮಜ್ಜೆಯನ್ನು ಸೇರುತ್ತದೆ.

ಇದರಿಂದಾಗಿ ದೇಹದ ತೂಕವನ್ನು ಆಧರಿಸಿ ಒಂದೇ ಬಾರಿಗೆ ಗರಿಷ್ಠ 1000 ಮಿ.ಗ್ರಾಂವರೆಗೆ, ಸುಮಾರು 15 ನಿಮಿಷಗಳಲ್ಲಿ ನೀಡಲು ಸಾಧ್ಯವಾಗಿದೆ. ಐರನ್ ಸುಕ್ರೋಸ್ ಔಷಧದಲ್ಲಿರುವುದು ಪಾಲಿಮರ್ ಅಲ್ಲ, ಸಕ್ಕರೆ. ಅದರ ಹಿಡಿತ ಕಡಿಮೆ. ಆದಕಾರಣ ಸಾಮಾನ್ಯವಾಗಿ 200 ಮಿ.ಗ್ರಾಂನಂತೆ ಹಲವು ಬಾರಿ ಆಸ್ಪತ್ರೆಗೆ ಬರಬೇಕಾಗುತ್ತದೆ. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ದಿನಗೂಲಿ ಮಾಡುವ ಮಹಿಳೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಚುಚ್ಚುಮದ್ದನ್ನು ಆಸ್ಪತ್ರೆಯಲ್ಲಿಯೇ ಪಡೆಯತಕ್ಕದ್ದು ಮತ್ತು ನಂತರ ಕನಿಷ್ಠ 30 ನಿಮಿಷ ಅಲ್ಲಿಯೇ ಇರತಕ್ಕದ್ದು. ತುರಿಕೆ, ಉಸಿರಾಟದ ತೊಂದರೆ ಅಥವಾ ತಲೆಸುತ್ತು ಕಂಡುಬಂದಲ್ಲಿ ಕೂಡಲೇ ತಿಳಿಸಬೇಕು. ಔಷಧವು ಗಾಢ ಕಂದು ಬಣ್ಣದ್ದಾಗಿದ್ದು, ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮದಲ್ಲಿ ಬಹುಕಾಲ ಕಲೆ ಉಳಿಯಬಹುದು. ಸೂಜಿಯ ಬಳಿ ಉರಿ ಅಥವಾ ಊತವಾದಲ್ಲಿ ಸುಮ್ಮನಿರಬಾರದು.

2021ರಿಂದ ಹೊಸಪೇಟೆ ಮತ್ತು ಹಂಪಿ ವಿಜಯನಗರ ಜಿಲ್ಲೆಯಲ್ಲಿಯೂ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಇವೆ. ಹೆರಿಗೆಗೆಂದು ಜಿಲ್ಲೆಯ ಗಡಿ ದಾಟಿ ತವರಿಗೆ ಬರುವವರು ತಾಯಿ ಕಾರ್ಡನ್ನು ತಪ್ಪದೇ ತರುವುದು. ಪಡೆದ ಔಷಧದ ಹೆಸರು, ಪ್ರಮಾಣ ಮತ್ತು ದಿನಾಂಕವನ್ನು ಅದರಲ್ಲಿ ಬರೆಸಿಕೊಂಡಿದ್ದಲ್ಲಿ, ಎರಡನೆಯ ಆಸ್ಪತ್ರೆಯಲ್ಲಿ ಅದೇ ಔಷಧವನ್ನು ಅಗತ್ಯಕ್ಕಿಂತ ಹೆಚ್ಚು ನೀಡುವ ಸಂಭವವಿರುವುದಿಲ್ಲ.