ಭದ್ರಾವತಿಯ ‘ದ್ರಾ’ ಓದಲು ಎಷ್ಟು ಹೊತ್ತು?

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ. ಬಸ್ಸಿನ ಬೋರ್ಡಿನಲ್ಲಿ ದಿನಾ ಕಾಣುವ ಈ ಮೂರು ಹೆಸರನ್ನು ಎರಡನೇ ತರಗತಿಯ ಮಗುವಿನ ಮುಂದಿಟ್ಟು ನೋಡಿ. ‘ಮೊಗ್ಗ’ದಲ್ಲಿ ಅಂಥ ತಕರಾರಿಲ್ಲ, ಗಕಾರಕ್ಕೆ ಗಕಾರದ್ದೇ ಒತ್ತು. ‘ಭದ್ರಾ’ ಹಾಗಲ್ಲ. ಬರೆಯುವಾಗ ಮೊದಲು ‘ದಾ’, ಆಮೇಲೆ ರಕಾರದ ಒತ್ತು. ನುಡಿಯುವಾಗ ದ್, ರ್, ಕೊನೆಗೆ ಆ. ಕಣ್ಣಿಗೆ ಮೊದಲೇ ಸಿಕ್ಕ ದೀರ್ಘವನ್ನು ನಾಲಿಗೆ ಕೊನೆಯವರೆಗೂ ತಡೆದಿಟ್ಟುಕೊಳ್ಳಬೇಕು. ‘ತೀರ್ಥ’ದ ಅರ್ಕಾವತ್ತಂತೂ ಇನ್ನೂ ತರಲೆ: ಮೊದಲು ನುಡಿಯಬೇಕಾದ ರಕಾರ ಥಕಾರದ ಬೆನ್ನ ಹಿಂದೆ ಅಡಗಿ ಕೂತಿರುತ್ತದೆ. ಹಾಗಾದರೆ ‘ದ್ರಾ’ ಓದಲು ‘ಗ್ಗ’ಕ್ಕಿಂತ ಎಷ್ಟು ಮಿಲಿಸೆಕೆಂಡ್ ಹೆಚ್ಚು ಬೇಕು? ಯಾವ ತರಗತಿಗೆ ಬರುವ ಹೊತ್ತಿಗೆ ಆ ಅಂತರ ಕರಗುತ್ತದೆ? ಕೆಲವು ಮಕ್ಕಳಲ್ಲಿ ಏಕೆ ಕರಗುವುದೇ ಇಲ್ಲ?

ಅರಿವಿನ ಮನೋವಿಜ್ಞಾನ, ಅಂದರೆ ಕಾಗ್ನಿಟಿವ್ ಸೈಕಾಲಜಿ, ಕೇಳುವುದು ಇಂಥ ಪ್ರಶ್ನೆಗಳನ್ನು. ಶಿವಮೊಗ್ಗೆಯಲ್ಲಿ ಸೈಕಾಲಜಿ ಎಂದರೆ ಜನರಿಗೆ ತಟ್ಟನೆ ನೆನಪಾಗುವುದು ಡಾ. ಅಶೋಕ್ ಪೈ ಮತ್ತು ಅವರು ಕಟ್ಟಿದ ‘ಮಾನಸ’. ಅದು ಸಹಜವೇ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಔಷಧಿಯಿದೆ ಎಂದು ಮಲೆನಾಡಿಗೆ ತಿಳಿಹೇಳಲು ಅವರು ಕಥೆ, ಕಾದಂಬರಿ, ಸಿನಿಮಾಗಳನ್ನೂ ಬಳಸಿದರು. ಅವರ ಹೆಸರಿನ ಕಾಲೇಜು ಇಂದು ನಗರದಲ್ಲಿ ಮನೋವಿಜ್ಞಾನ ಕಲಿಸುತ್ತಿದೆ. ಆದರೆ ಅಲ್ಲಿಂದಾಗಲಿ, ಬೇರೆ ಕಾಲೇಜಿನಿಂದಾಗಲಿ ಹೊರಬಂದ ಹುಡುಗಿಯೊಬ್ಬಳು ‘ನನಗೆ ಕೌನ್ಸೆಲಿಂಗ್ ಬೇಡ, ನೆನಪು, ಗಮನ, ಓದು ಇವುಗಳ ಮೇಲೆ ಸಂಶೋಧನೆ ಮಾಡಬೇಕು’ ಎಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಅದಕ್ಕೆ ದುಡ್ಡು ಯಾರು ಕೊಡ್ತಾರೆ?’ ಎಂಬುದೇ. ಭದ್ರಾವತಿಯ ಮನೆಯಲ್ಲಿ ಆ ಪ್ರಶ್ನೆಗೆ ಇನ್ನಷ್ಟು ಭಾರ. ಎಂಪಿಎಂ ಕಾಗದ ಮಾಡುವುದನ್ನು ನಿಲ್ಲಿಸಿ ವರ್ಷಗಳಾದವು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಮಾತು 2023ರಲ್ಲಿ ಊರನ್ನೇ ಬೀದಿಗಿಳಿಸಿತ್ತು. ಐದು ವರ್ಷ ಸಂಬಳವಿಲ್ಲದೆ ಓದುತ್ತೇನೆ ಎನ್ನಲು ಧೈರ್ಯವಷ್ಟೇ ಸಾಲದು.

ಕೊಡುವವರಿಲ್ಲವೇ ಎಂದರೆ, ಇದ್ದಾರೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಿಟ್ಟಿಸಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಸಂಶೋಧನಾರ್ಥಿಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಮೂರು ತಾಸು, 150 ಪ್ರಶ್ನೆ, 300 ಅಂಕ. ಮನೋವಿಜ್ಞಾನದ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪಿಯುಸಿವರೆಗೆ, ಕೆಲವೊಮ್ಮೆ ಬಿಎವರೆಗೂ, ಕನ್ನಡದಲ್ಲಿ ಓದಿಕೊಂಡು ಬಂದವರಿಗೆ ಇದೇ ಮೊದಲ ಗೋಡೆ. 2024ರ ಜೂನ್ 18ರಂದು ನಡೆದ ನೆಟ್ ಮರುದಿನವೇ ರದ್ದಾಯಿತು. ಆ ವರ್ಷ ಮೂವತ್ತರ ಅಂಚಿನಲ್ಲಿದ್ದವರ ಪಾಡು ಬೇರೆ ಹೇಳಬೇಕಿಲ್ಲ, ಏಕೆಂದರೆ ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದ ವಯೋಮಿತಿ 30. ಮಹಿಳೆಯರಿಗೆ, ಮೀಸಲು ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ.

ಜೆಆರ್‌ಎಫ್ ತಪ್ಪಿದರೆ? ಕೇಂದ್ರೀಯ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿಗೆ ನಾನ್-ನೆಟ್ ಫೆಲೋಶಿಪ್ ಎಂದು ತಿಂಗಳಿಗೆ 8,000 ಸಿಗುತ್ತದೆ. ಹಳೆಯ ದರ, ಆದರೂ ರೂಮಿನ ಬಾಡಿಗೆಯಾದರೂ ಹೋಗುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಇರುವ ಕುವೆಂಪು ವಿಶ್ವವಿದ್ಯಾಲಯ ರಾಜ್ಯದ್ದು. ಇಲ್ಲಿ ನೋಂದಾಯಿಸಿದವರಿಗೆ ಅದೂ ಇಲ್ಲ. ಅದೇ ಮಾರ್ಗದರ್ಶನ, ಅದೇ ಕೋರ್ಸ್ ವರ್ಕ್, ಅದೇ ಸಿನಾಪ್ಸಿಸ್. ಬೋರ್ಡಿನ ಮೇಲೆ ‘ಕೇಂದ್ರೀಯ’ ಎಂಬ ಪದ ಇಲ್ಲದ್ದಕ್ಕೆ ಎಂಟು ಸಾವಿರ ಕಟ್. ಇದಕ್ಕೆ ಸಮರ್ಥನೆ ಏನೆಂದು ನನಗಂತೂ ಹೊಳೆಯುವುದಿಲ್ಲ. ಇತ್ತೀಚೆಗೆ ಸಂಶೋಧನಾರ್ಥಿನಿಯರಿಗೆ ತಪ್ಪದೆ ತಲುಪುತ್ತಿರುವ ಅನುದಾನವೆಂದರೆ ಸರ್ಕಾರಿ ಬಸ್ಸಿನ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆಯೇ ಇರಬೇಕು. ಅದಕ್ಕೂ ಖಾಸಗಿ ಬಸ್ಸುಗಳದ್ದೇ ಕಾರುಬಾರಾದ ನಮ್ಮ ರೂಟಿನಲ್ಲಿ ಸರ್ಕಾರಿ ಬಸ್ಸು ಸಿಗಬೇಕು.

ಪಿಎಚ್‌ಡಿ ಮುಗಿದ ಮೇಲಿನ ದಾರಿಗಳೂ ಕಾಗದದ ಮೇಲೆ ಕಡಿಮೆಯಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಅರಿವಿನ ವಿಜ್ಞಾನಕ್ಕೆಂದೇ ಸಿಎಸ್‌ಆರ್‌ಐ ಎಂಬ ಯೋಜನೆ ತಂದಿತು. ಅದರಲ್ಲಿ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪೂ ಉಂಟು. ಸಮಾಜ ವಿಜ್ಞಾನದ ಕಡೆಯಿಂದ ಐಸಿಎಸ್‌ಎಸ್‌ಆರ್ ಇದೆ. ಮೊದಲಿದ್ದ ಎಸ್‌ಇಆರ್‌ಬಿಯ ಜಾಗಕ್ಕೆ ಬಂದ ಎಎನ್‌ಆರ್‌ಎಫ್ 2024ರಲ್ಲಿ ಪ್ರಧಾನಮಂತ್ರಿ ಹೆಸರಿನ ಅರ್ಲಿ ಕೆರಿಯರ್ ಅನುದಾನ ಶುರುಮಾಡಿತು. ಆದರೆ ಅರ್ಜಿ ಹಾಕುವವರು ಕಾಯಂ ಹುದ್ದೆಯಲ್ಲಿರಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಪಿಎಚ್‌ಡಿ ಇದ್ದರೂ, ಪ್ರಬಂಧಗಳು ಅಚ್ಚಾಗಿದ್ದರೂ, ಈ ಲೆಕ್ಕದಲ್ಲಿ ಅವರ ಕೆರಿಯರ್ ಇನ್ನೂ ಶುರುವೇ ಆಗಿಲ್ಲ.

ನನ್ನ ತಕರಾರು ಮುಖ್ಯವಾಗಿ ‘ಯುವ’ ಎಂಬುದನ್ನು ಅಳೆಯುವ ಕ್ರಮದ ಮೇಲೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 1974ರಿಂದ ಕೊಡುತ್ತಿರುವ ಅರ್ಲಿ ಕೆರಿಯರ್ ಪ್ರಶಸ್ತಿ ಪಿಎಚ್‌ಡಿ ಆಗಿ ಎಷ್ಟು ವರ್ಷವಾಯಿತು ಎಂದು ನೋಡುತ್ತದೆ, ಜಾತಕ ನೋಡುವುದಿಲ್ಲ. ಕಾಗ್ನಿಟಿವ್ ಸೈನ್ಸ್ ಸೊಸೈಟಿಯ ಗ್ಲುಷ್ಕೊ ಬಹುಮಾನ ಪಿಎಚ್‌ಡಿ ಪ್ರಬಂಧವನ್ನೇ ತೂಗಿ 10,000 ಡಾಲರ್ ಕೊಡುತ್ತದೆ. ನಮ್ಮಲ್ಲೂ ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗೆ ವಯಸ್ಸಿನ ಮಿತಿಯಿಲ್ಲ. ಮಿಕ್ಕ ಬಹುತೇಕ ಕಡೆ ಹುಟ್ಟಿದ ದಿನಾಂಕವೇ ತೀರ್ಪು. ಇಪ್ಪತ್ತೆರಡಕ್ಕೆ ಮದುವೆ, ಎರಡು ಬಾಣಂತನ, ನಡುವೆ ಒಂದಷ್ಟು ವರ್ಷ ಪಾಠ. ಇಷ್ಟು ಮುಗಿಸಿ ಮೂವತ್ತಾರಕ್ಕೆ ಪಿಎಚ್‌ಡಿಗೆ ಸೇರುವ ಹೆಂಗಸರು ಈ ಜಿಲ್ಲೆಯಲ್ಲಿ ಅಪರೂಪವಲ್ಲ. ವಿಜ್ಞಾನದಿಂದ ದೂರ ಉಳಿದ ಮಹಿಳೆಯರಿಗೆಂದು ವೈಸ್-ಕಿರಣ್ ಯೋಜನೆ ಇದೆ ನಿಜ. ಒಂದು ಕಿಟಕಿ ಇದೆಯೆಂದು ಬಾಗಿಲು ಹಾಕಿಡುವುದು ನ್ಯಾಯವೇ?

ಹೊತ್ತಿಗೆ ಸರಿಯಾಗಿ ಸಿಕ್ಕ ವೇತನ ಏನು ಮಾಡಬಲ್ಲದು ಎಂಬುದಕ್ಕೆ ಈ ಜಿಲ್ಲೆಯಲ್ಲೇ ನಿದರ್ಶನವಿದೆ, ವಿಷಯ ಬೇರೆಯಾದರೂ. ತೀರ್ಥಹಳ್ಳಿಯ ಮೇಳಿಗೆಯ ಯು.ಆರ್. ಅನಂತಮೂರ್ತಿ ಮೂವತ್ತು ತುಂಬಿದ್ದಾಗ, 1963ರಲ್ಲಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದರು. 1966ರಲ್ಲಿ ಪಿಎಚ್‌ಡಿ ಬಂತು. ಅದರ ಜೊತೆಗೆ, ಯಾವ ಅರ್ಜಿಯಲ್ಲೂ ಬರೆದಿರದ ‘ಸಂಸ್ಕಾರ’ ಕಾದಂಬರಿಯೂ ಬಂತು. ಅದನ್ನು ಯಾವ ಯುಟಿಲೈಸೇಷನ್ ಸರ್ಟಿಫಿಕೇಟಿನಲ್ಲಿ ತೋರಿಸುವುದು?

ಮನೋವಿಜ್ಞಾನದಲ್ಲೇ ನೋಡುವುದಾದರೆ ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ನರ ಬಳಿ ಪಳಗಿ ಬಂದ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಲ್ಲೇ ಟ್ರಾನ್ಸ್‌ಮೀಟರ್ ಇಟ್ಟು ರೇಡಿಯೊ ಕೇಂದ್ರವನ್ನೂ ತೆರೆದರು; ‘ಆಕಾಶವಾಣಿ’ ಹೆಸರು ಬೆಳೆದದ್ದು ಅಲ್ಲಿಂದ. ಕೈಯಿಂದ ಹಾಕಿ ನಡೆಸಿದ ಸಾಹಸ ಅದು. ಎಲ್ಲರಿಂದ ಆಗುವ ಮಾತಲ್ಲ.

ಮತ್ತೆ ‘ದ್ರಾ’ಕ್ಕೆ ಬರೋಣ. ಹಿಂದಿಯಲ್ಲಿ ಹ್ರಸ್ವ ಇಕಾರ ವ್ಯಂಜನಕ್ಕೆ ಮುಂಚೆ ಬರೆಯಲ್ಪಟ್ಟು ಆಮೇಲೆ ಉಚ್ಚರಿತವಾಗುತ್ತದೆ. ಅಂಥ ಪದಗಳನ್ನು ಓದುವುದು ತಡವಾಗುತ್ತದೆ ಎಂದು ಜ್ಯೋತ್ಸ್ನಾ ವೈದ್ ಮತ್ತು ಆಶುಮ್ ಗುಪ್ತಾ 2002ರಲ್ಲಿ ತೋರಿಸಿದರು. ಕನ್ನಡದ ಮಕ್ಕಳು ಅಕ್ಷರಗಳ ಮೇಲೆ ಹಿಡಿತ ಸಾಧಿಸಲು ಹಲವು ತರಗತಿಗಳನ್ನೇ ದಾಟಬೇಕಾಗುತ್ತದೆ ಎಂದು ಸೋನಾಲಿ ನಾಗ್ 2007ರಲ್ಲಿ ಬರೆದರು. ಇಪ್ಪತ್ತಾರು ಅಕ್ಷರದ ಇಂಗ್ಲಿಷಿನ ಅಳತೆಗೋಲು ಇಲ್ಲಿ ನಡೆಯದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆ.ಎಸ್. ಪ್ರೇಮಾ ಕನ್ನಡದ ಓದನ್ನು ಅಳೆಯುವ ಪರೀಕ್ಷೆಯನ್ನೇ ರೂಪಿಸಿದರು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಸ್.ಪಿ. ಅರುಣ್ ಅವರ ತಂಡ ತೆಲುಗು, ಮಲಯಾಳ ಓದುಗರ ಮೇಲೆ ಪ್ರಯೋಗ ನಡೆಸಿ, ಓದು ಬಂದವರ ಕಣ್ಣಿಗೆ ಅಕ್ಷರಗಳು ಒಂದರ ಮೇಲೊಂದು ಬೀರುವ ಪ್ರಭಾವ ತಗ್ಗುತ್ತದೆ ಎಂದು 2019ರಲ್ಲಿ ಪ್ರಕಟಿಸಿತು. ಮುಂದಿನ ಪ್ರಶ್ನೆಗಳನ್ನು ಕೇಳಲು ಶಿವಮೊಗ್ಗಕ್ಕಿಂತ ಒಳ್ಳೆಯ ಜಾಗ ಬೇಕೆ? ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡವನ್ನೇ ಮೊದಲು ಓದಲು ಕಲಿಯುವ ಮಕ್ಕಳಿದ್ದಾರೆ. ಮನೆಯಲ್ಲಿ ಉರ್ದು, ತಮಿಳು, ಲಂಬಾಣಿ ಆಡಿ ಶಾಲೆಯಲ್ಲಿ ಕನ್ನಡ ಓದುವವರೂ ಪಕ್ಕದ ಬೆಂಚಿನಲ್ಲೇ ಸಿಗುತ್ತಾರೆ.

ಇದಕ್ಕೆ ಕೋಟಿಯ ಯಂತ್ರ ಬೇಡ. ಒಂದು ಲ್ಯಾಪ್‌ಟಾಪ್, ಒಂದು ಮೈಕು, ಪುಕ್ಕಟೆ ಸಿಗುವ ಸೈಕೋಪೈ ತಂತ್ರಾಂಶ, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಬಿಇಒ ಪತ್ರ, ಪೋಷಕರ ಸಹಿಗೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಫಾರಂ. ಹೆಡ್ ಮೇಷ್ಟ್ರು ಬಿಸಿಯೂಟದ ಕೋಣೆಯ ಪಕ್ಕ ಒಂದು ಮೂಲೆ ಕೊಟ್ಟರೆ ಪ್ರಯೋಗಾಲಯ ಸಿದ್ಧ. ದೊಡ್ಡ ಪ್ರಶಸ್ತಿಗಳೆಲ್ಲ ಕೆಲಸ ಮುಗಿದ ಮೇಲಿನ ಮಾತು. ಬೇಕಾಗಿರುವುದು ಕೆಲಸ ಶುರುವಾಗುವ ಮೊದಲಿನ ಸಣ್ಣ ಮೊತ್ತ. ಅದನ್ನು ಕೊಡಲು ದೆಹಲಿಯೇ ಬೇಕಿಲ್ಲ. ವಿಶ್ವವಿದ್ಯಾಲಯವೋ, ಜಿಲ್ಲೆಯ ಸಹಕಾರಿ ಬ್ಯಾಂಕೋ, ಹಳೆ ವಿದ್ಯಾರ್ಥಿಗಳ ಸಂಘವೋ ಕೊಟ್ಟರೂ ಸಾಕು. ಚಿನ್ನದ ಪದಕಕ್ಕೆ ದತ್ತಿ ಇಡುವ ಉದಾರಿಗಳು ನಮ್ಮಲ್ಲಿ ಬೇಕಾದಷ್ಟು ಜನ. ಪದಕ ಬೀರುವಿನೊಳಗೆ ಉಳಿಯುತ್ತದೆ, ಮೈಕು ಶಾಲೆಯಿಂದ ಶಾಲೆಗೆ ತಿರುಗುತ್ತದೆ.

ಕೊಡುವವರು ಒಂದನ್ನು ಮಾತ್ರ ನೋಡಿಕೊಳ್ಳಬೇಕು, ಕ್ಯಾಲೆಂಡರ್. ಸರ್ಕಾರಿ ಹಣ ಬಿಡುಗಡೆಯಾಗುವುದು ಹೆಚ್ಚಾಗಿ ಮಾರ್ಚಿನ ಅವಸರದಲ್ಲಿ. ಆಗ ಶಾಲೆಯಲ್ಲಿ ಪರೀಕ್ಷೆ. ಏಪ್ರಿಲ್, ಮೇ ರಜೆ. ಜೂನ್‌ನಲ್ಲಿ ದಾಖಲಾತಿ, ಪಠ್ಯಪುಸ್ತಕದ ಗಡಿಬಿಡಿ. ಜುಲೈನಲ್ಲಿ ಮಲೆನಾಡಿನ ಮಳೆಗೆ ‘ನಾಳೆ ಶಾಲೆಗೆ ರಜೆ’ ಎಂಬ ಡಿಸಿ ಆದೇಶ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಲು ನಿಜವಾಗಿ ಸಿಗುವುದು ಆಗಸ್ಟ್‌ನಿಂದ ದಸರಾ ರಜೆಯವರೆಗೆ, ಮತ್ತೆ ನವೆಂಬರ್‌ನಿಂದ ಜನವರಿವರೆಗೆ. ಚೆಕ್ಕು ಜುಲೈ ಕೊನೆಗೆ ಕೈಸೇರಿದರೆ ದಸರಾದೊಳಗೆ ಎರಡನೇ ತರಗತಿ ಮುಗಿಯುತ್ತದೆ, ಸಂಕ್ರಾಂತಿಯೊಳಗೆ ನಾಲ್ಕನೆಯದು.