ಮುಲುಂಡಿನ ಪುಡಿಗೆ ಯೆಮನ್ನಿನಲ್ಲಿ ಮಡಿದವನ ಹೆಸರು

ಮುಂಬಯಿಯ ಗುಜರಾತಿಗಳು 'ಗರಮರ್' ಎಂಬ ಬೇರನ್ನು ಉಪ್ಪಿನಕಾಯಿಗೆ ಹಾಕುತ್ತಾರೆ. ನಮ್ಮಲ್ಲಿ ಅದಕ್ಕೆ ಮಕಂದಿ ಬೇರು, ಮಂಗನಿ ಬೇರು ಎಂಬ ಹೆಸರುಗಳಿವೆ. ಇದೇ ಬೇರಿನಿಂದ ಮುಂಬಯಿಯ ಮುಲುಂಡಿನಲ್ಲಿದ್ದ ಹೆಕ್ಸ್ಟ್ ಔಷಧ ಕಂಪನಿಯ ಸಂಶೋಧನಾ ಕೇಂದ್ರದವರು ಎಪ್ಪತ್ತರ ದಶಕದಲ್ಲಿ ಒಂದು ಬಿಳಿ ಪುಡಿ ತೆಗೆದರು. ರಕ್ತದೊತ್ತಡ ಇಳಿಸುವ, ಹೃದಯದ ಬಡಿತಕ್ಕೆ ಬಲ ಕೊಡುವ ವಸ್ತು. ಎಸ್.ವಿ. ಭಟ್, ಎನ್.ಜೆ. ಡಿ'ಸೋಜಾ ಮತ್ತು ಸಂಗಡಿಗರು 1977ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಹೆಸರು ಫೋರ್ಸ್ಕೋಲಿನ್.

ಗರಮರ್ ಆಗಲಿ ಮಕಂದಿಯಾಗಲಿ ಅದರಲ್ಲಿ ಇಣುಕಲಿಲ್ಲ. ಗಿಡವನ್ನು ಆಗ ಕೋಲಿಯಸ್ ಫೋರ್ಸ್ಕೋಲಿ ಎನ್ನುತ್ತಿದ್ದರು. ಎರಡನೆಯ ಪದಕ್ಕೆ, ಸಸ್ಯಮೂಲದ ವಸ್ತುಗಳಿಗೆ ರೂಢಿಯಾದ 'ಇನ್' ಬಾಲ ಅಂಟಿಸಿದರು, ಅಷ್ಟೆ.

ಯಾರೀ ಫೋರ್ಸ್ಕೋಲ್? ಲಿನೇಯಸ್‌ನ ಶಿಷ್ಯ. ಡೆನ್ಮಾರ್ಕ್ ದೊರೆ 1761ರಲ್ಲಿ ಅರೇಬಿಯಾಕ್ಕೆ ಕಳಿಸಿದ ತಂಡದ ಸಸ್ಯಶಾಸ್ತ್ರಜ್ಞ. 1763ರ ಜುಲೈನಲ್ಲಿ ಯೆಮನ್ನಿನ ಯರೀಮ್ ಊರಲ್ಲಿ ಮಲೇರಿಯಾ ಅವನನ್ನು ಬಲಿ ತೆಗೆದುಕೊಂಡಿತು. ಉಳಿದವರು ಹಡಗು ಹತ್ತಿದ್ದು ಮುಂಬಯಿಗೇ! ಚಿತ್ರಕಾರ ದಾರಿಯಲ್ಲೇ ತೀರಿಕೊಂಡ, ವೈದ್ಯ ಕ್ರಾಮರ್ 1764ರಲ್ಲಿ ಮುಂಬಯಿಯಲ್ಲಿ. ಕೊನೆಗೆ ಉಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಆತ ಇಲ್ಲಿದ್ದಾಗ ಎಲಿಫೆಂಟಾದ ಶಿಲ್ಪಗಳನ್ನು ಚಿತ್ರಿಸಿದ. ಊರಿಗೆ ಮರಳಿ 1775ರಲ್ಲಿ ಗೆಳೆಯನ ಸಸ್ಯಗ್ರಂಥವನ್ನು ಅಚ್ಚು ಹಾಕಿಸಿದ. ಮುಂಬಯಿಯನ್ನು ಕಾಣದೇ ಹೋದವನ ಹೆಸರು ಇನ್ನೂರು ಚಿಲ್ಲರೆ ವರ್ಷಗಳ ಬಳಿಕ ಮುಲುಂಡಿನ ಸೀಸೆಯ ಮೇಲೆ ಬಂದು ಕೂತಿತು.

ಪ್ರತಿಸ್ಪರ್ಧಿಯೂ ಇತ್ತು. ಅದೇ ಹೊತ್ತಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇದೇ ಗಿಡದಿಂದ ಪಡೆದ ವಸ್ತುವನ್ನು ಕೋಲಿಯೊನಾಲ್ ಎಂದು ಕರೆದಿತ್ತು. ಗ್ರೀಕಿನಲ್ಲಿ 'ಕೋಲಿಯೋಸ್' ಅಂದರೆ ಒರೆ. ಹೂವಿನ ಕೇಸರಗಳ ಬುಡ ಕೂಡಿಕೊಂಡು ಒರೆಯಂತಾಗುವುದರಿಂದ ಕುಲಕ್ಕೆ ಆ ಹೆಸರು. ಕೊನೆಯ 'ಆಲ್' ಆಲ್ಕೊಹಾಲ್ ಗುಂಪಿನ ಗುರುತು. ರಸಾಯನದ ದೃಷ್ಟಿಯಿಂದ ಇದೇ ಹೆಚ್ಚು ತಿಳಿಸುವ ಹೆಸರು ಅಂತ ನನಗನಿಸುತ್ತದೆ. ಎರಡೂ ಒಂದೇ ಎಂದು 1985ರಲ್ಲಿ ತೋರಿಸಿದರು. ಅಷ್ಟರಲ್ಲಿ ಮುಲುಂಡಿನ ಹೆಸರು ಗೆದ್ದಾಗಿತ್ತು: ಜೀವಕೋಶದ ಅಡೆನೈಲೇಟ್ ಸೈಕ್ಲೇಸ್ ಕಿಣ್ವವನ್ನು ಫೋರ್ಸ್ಕೋಲಿನ್ ನೇರವಾಗಿ ಚುರುಕುಗೊಳಿಸುತ್ತದೆಂದು 1981ರಲ್ಲಿ ಅಮೆರಿಕದಲ್ಲಿ ಗೊತ್ತಾಗಿ, ಪ್ರಯೋಗಾಲಯಗಳೆಲ್ಲ ಅದನ್ನು ತರಿಸಿಕೊಳ್ಳತೊಡಗಿದ್ದವು.

ಔಷಧದ ಅಂತರರಾಷ್ಟ್ರೀಯ ಹೆಸರು ಕೋಲ್ಫೋರ್ಸಿನ್. ಕುಲದಿಂದ 'ಕೋಲ್', ಪ್ರಭೇದದಿಂದ 'ಫೋರ್ಸ್' ಕತ್ತರಿಸಿ ಜೋಡಿಸಿದ್ದಾರೆ. ಇತ್ತ ಸಸ್ಯಶಾಸ್ತ್ರಜ್ಞರು ಗಿಡವನ್ನು ಈಗ ಕೋಲಿಯಸ್ ಬಾರ್ಬೇಟಸ್, ಅಂದರೆ ಗಡ್ಡದ ಕೋಲಿಯಸ್, ಎನ್ನುತ್ತಾರೆ. ಫೋರ್ಸ್ಕೋಲ್ ಗಿಡದಿಂದ ಇಳಿದಿದ್ದಾನೆ, ಪುಡಿಯಿಂದ ಇಳಿದಿಲ್ಲ.